ಮೂಟೆ ಹೊತ್ತು ನಿಂತವರ ಕೆಲಸ ಸೊನ್ನೆಯೇ?
ಕಾರ್ಯಸಾಮರ್ಥ್ಯ ಪರೀಕ್ಷೆಯನ್ನು ಕುರಿತ ಒಂದು ಅಭ್ಯಾಸ ಪಾಠ

ಹಿನ್ನೆಲೆ

ಬಿ.ಇಡಿ. ಶಾಲಾ ಇಂಟರ್ನ್‌ಷಿಪ್ ಅವಧಿಯಲ್ಲಿ ನನಗೆ ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ‘ಕೆಲಸ ಮತ್ತು ಶಕ್ತಿ’ ಪಾಠ ಬಂದಿತ್ತು. ಶಾಲೆ ಇರುವುದು ಎಪಿಎಂಸಿ ಮಾರುಕಟ್ಟೆಯ ಹಿಂಬದಿಯಲ್ಲಿ. ತರಗತಿಯ 41 ಮಕ್ಕಳಲ್ಲಿ ಹೆಚ್ಚಿನವರ ಮನೆಯವರು ಹಮಾಲಿ, ಗಾರೆ ಕೆಲಸ, ಮನೆಗೆಲಸ ಮಾಡುವವರು.

ಮೊದಲ ಪಾಠದಲ್ಲಿ ಕೆಲಸ = ಬಲ × ಸ್ಥಾನಪಲ್ಲಟ ಎಂಬ ಸೂತ್ರವನ್ನು ಪರಿಚಯಿಸಿದೆ. ಬಲ ಪ್ರಯೋಗಿಸಿದರೂ ವಸ್ತು ಚಲಿಸದಿದ್ದರೆ ಕೆಲಸ ನಡೆದಿಲ್ಲ ಎಂದು ಹೇಳಿ, ತಲೆಯ ಮೇಲೆ ಮೂಟೆ ಹೊತ್ತು ನಿಂತ ಹಮಾಲಿಯ ಉದಾಹರಣೆ ಕೊಟ್ಟು, ಕಪ್ಪುಹಲಗೆಯ ಮೇಲೆ ‘ಕೆಲಸ = 0’ ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ನಮ್ಮಪ್ಪಂಗೆ ಮೂಟೆ ಹೊತ್ತು ಹೊತ್ತೇ ಸೊಂಟ ಹೋಗಿದ್ದು. ಆರು ತಿಂಗಳಿಂದ ಮನೇಲಿದಾರೆ. ಕೆಲಸ ಸೊನ್ನೆ ಅಂದ್ರೆ ಸೊಂಟ ಹೆಂಗೆ ಹೋಯ್ತು?”

ತರಗತಿ ನಕ್ಕಿತು. ಪಕ್ಕದವನು, “ಅವರಪ್ಪ ನಾಟಕ ಮಾಡ್ತಾರಂತೆ ಮಿಸ್, ಮೇಸ್ತ್ರಿ ಹೇಳ್ತಿದ್ರು” ಎಂದ. ನಾನು “ಅದು ಬೇರೆ, ಇದು ಬೇರೆ. ವಿಜ್ಞಾನದಲ್ಲಿ ಕೆಲಸ ಅಂದರೆ ಇಷ್ಟೇ” ಎಂದು ಮುಂದಿನ ಲೆಕ್ಕಕ್ಕೆ ಹೋದೆ. ಹುಡುಗ ಕುಳಿತುಕೊಂಡ. ಆ ಪಾಠದಲ್ಲಿ ಅವನು ಮತ್ತೆ ಕೈ ಎತ್ತಲಿಲ್ಲ.

ಪಾಠ ವೀಕ್ಷಣಾ ಪುಸ್ತಕದಲ್ಲಿ ನನ್ನ ಮಾರ್ಗದರ್ಶಕರು ಎರಡೇ ವಾಕ್ಯ ಬರೆದಿದ್ದರು: ‘ನೀವು ಕೊಟ್ಟ ಉತ್ತರ ಸರಿ. ಹುಡುಗ ಕೇಳಿದ್ದು ಅದನ್ನಲ್ಲ.’

ಹುಡುಗ ಕೇಳಿದ್ದು ಒಂದು ಪ್ರಶ್ನೆ, ಪಕ್ಕದವನು ಎತ್ತಿದ್ದು ಇನ್ನೊಂದು. ಸೂತ್ರದ ಪ್ರಕಾರ ಕೆಲಸ ಸೊನ್ನೆಯಾದಾಗಲೂ ಶರೀರಕ್ಕೆ ಏಕೆ ಪೆಟ್ಟಾಗುತ್ತದೆ? ಒಬ್ಬ ಮನುಷ್ಯನಿಗೆ ಕೆಲಸ ಮಾಡಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ಮೇಸ್ತ್ರಿಯ ಮಾತಿನಿಂದಲ್ಲದೆ ಇನ್ನಾವುದರಿಂದ ತಿಳಿಯುವುದು? ಈ ಎರಡಕ್ಕೂ ಉತ್ತರ ಹುಡುಕುತ್ತಾ ಹೋದಾಗ ನನಗೆ ಒಂದು ವೃತ್ತಿಯ ಪರಿಚಯವಾಯಿತು: ಗಾಯಗೊಂಡ ಕಾರ್ಮಿಕರ ಕಾರ್ಯಸಾಮರ್ಥ್ಯವನ್ನು ಪರೀಕ್ಷಿಸಿ, ಅವರನ್ನು ಕೆಲಸಕ್ಕೆ ಮರಳಲು ಸಿದ್ಧಗೊಳಿಸುವ ಫಿಸಿಯೋಥೆರಪಿಸ್ಟ್‌ನ ವೃತ್ತಿ. ಎರಡನೆಯ ಪಾಠವನ್ನು ಅದರ ಸುತ್ತ ಯೋಜಿಸಿದೆ.

ವಿಷಯ ಸಿದ್ಧತೆ

1. ಸೂತ್ರ ಮತ್ತು ಶರೀರ

50 ಕೆ.ಜಿ. ಮೂಟೆಯನ್ನು ಒಂದೂವರೆ ಮೀಟರ್ ಎತ್ತರದ ಲಾರಿಗೆ ಏರಿಸಿದರೆ ಮೂಟೆಯ ಮೇಲೆ ನಡೆಯುವ ಕೆಲಸ 50 × 10 × 1.5 = 750 ಜೌಲ್. ನೂರು ಮೂಟೆ ಏರಿಸಿದರೆ 75,000 ಜೌಲ್. ಇದನ್ನು ಆಹಾರದ ಲೆಕ್ಕಕ್ಕೆ ತಂದರೆ ಸುಮಾರು 18 ಕಿಲೋಕ್ಯಾಲರಿ. ಸಣ್ಣದೊಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ ಇರುವಷ್ಟು. ನೂರು ಮೂಟೆ ಏರಿಸಿದವರು ಒಂದು ಬಿಸ್ಕತ್ತಿನಷ್ಟು ಮಾತ್ರ ದಣಿದಿದ್ದಾರೆ ಎಂದು ಯಾರೂ ಹೇಳಲಾರರು. ಸೂತ್ರ ಅಳೆಯುವುದು ಮೂಟೆಗೆ ಏನಾಯಿತು ಎಂಬುದನ್ನು. ಹೊತ್ತವರಿಗೆ ಏನಾಯಿತು ಎಂಬುದು ಅದರ ಪ್ರಶ್ನೆಯಲ್ಲ. ಮೂಟೆ ಹೊತ್ತು ಸುಮ್ಮನೆ ನಿಂತಾಗಲೂ ಸ್ನಾಯುಗಳು ಬಿಗಿ ಹಿಡಿದಿರಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತಲೇ ಇರುತ್ತದೆ.

ಬೆನ್ನಿನ ಮೇಲೆ ಬೀಳುವ ಹೊರೆ ತಿಳಿಯಲು ಸನ್ನೆಯ ತತ್ತ್ವ ಸಾಕು. 20 ಕೆ.ಜಿ. ಚೀಲದ ತೂಕ 200 ನ್ಯೂಟನ್. ಅದು ಬೆನ್ನುಮೂಳೆಯಿಂದ 25 ಸೆಂ.ಮೀ. ಮುಂದಿದ್ದರೆ ತಿರುಗಿಸುವ ಪರಿಣಾಮ 200 × 0.25 = 50 ನ್ಯೂಟನ್ ಮೀಟರ್. ಇದಕ್ಕೆ ಎದುರಾಗಿ ಎಳೆಯುವ ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ಅಕ್ಷದಿಂದ ಸುಮಾರು 5 ಸೆಂ.ಮೀ. ದೂರದಲ್ಲಷ್ಟೇ ಇವೆ. ಹಾಗಾಗಿ ಅವು 1,000 ನ್ಯೂಟನ್ ಬಲದಿಂದ ಎಳೆಯಬೇಕು. ಅದೇ ಚೀಲ 50 ಸೆಂ.ಮೀ. ದೂರವಿದ್ದರೆ 2,000 ನ್ಯೂಟನ್ ಬೇಕು. ತೂಕ ಬದಲಾಗಿಲ್ಲ, ಚೀಲ ಕದಲಬೇಕಾಗಿಯೂ ಇಲ್ಲ; ಬೆನ್ನಿನ ಹೊರೆ ಮಾತ್ರ ಇಮ್ಮಡಿಯಾಯಿತು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಯಾಶ್ 1991ರಲ್ಲಿ ಪರಿಷ್ಕರಿಸಿದ ಎತ್ತುವಿಕೆಯ ಸಮೀಕರಣವೂ ಇದೇ ತತ್ತ್ವವನ್ನು ಒಳಗೊಂಡಿದೆ. ಎಲ್ಲವೂ ಅನುಕೂಲವಾಗಿದ್ದಾಗ ಅದು ಶಿಫಾರಸು ಮಾಡುವ ಮಿತಿ 23 ಕೆ.ಜಿ. ವಸ್ತು 25 ಸೆಂ.ಮೀ. ಬದಲು 50 ಸೆಂ.ಮೀ. ದೂರವಿದ್ದರೆ ಮಿತಿ ಅರ್ಧಕ್ಕೆ, ಅಂದರೆ 11.5 ಕೆ.ಜಿ.ಗೆ ಇಳಿಯುತ್ತದೆ. ಎಷ್ಟು ಎತ್ತರದಿಂದ ಎತ್ತುತ್ತಾರೆ, ಎಷ್ಟು ಮೇಲಕ್ಕೆ, ಮೈ ತಿರುಚಬೇಕೇ, ನಿಮಿಷಕ್ಕೆ ಎಷ್ಟು ಬಾರಿ, ಹಿಡಿತ ಹೇಗಿದೆ ಎಂಬ ಅಂಶಗಳೂ ಮಿತಿಯನ್ನು ಕಡಿಮೆ ಮಾಡುತ್ತಾ ಹೋಗುತ್ತವೆ.

2. ಪಟ್ಟಿ ಹೇಳುವ ಸಾಮರ್ಥ್ಯ

ಗಾಯಗೊಂಡವರ ಸಾಮರ್ಥ್ಯವನ್ನು ಶೇಕಡಾವಾರು ಹೇಳುವ ಪದ್ಧತಿ ಹಳೆಯದು. ನಮ್ಮ ದೇಶದ 1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ ಲಗತ್ತಿಸಿದ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30 ನಷ್ಟ, ಎರಡೂ ಕೈ ಹೋದರೆ ಶೇ. 100 ನಷ್ಟ ಎಂದಿತ್ತು. ಪರಿಹಾರದ ಹಣವನ್ನು ವಿವಾದವಿಲ್ಲದೆ ಲೆಕ್ಕ ಹಾಕಲು ಇಂಥ ಪಟ್ಟಿ ಬೇಕು. ಆದರೆ ದರ್ಜಿಯ ಹೆಬ್ಬೆರಳಿಗೂ ರಾತ್ರಿ ಕಾವಲುಗಾರರ ಹೆಬ್ಬೆರಳಿಗೂ ಪಟ್ಟಿಯಲ್ಲಿ ಇದ್ದದ್ದು ಒಂದೇ ಅಂಕಿ. ಸೊಂಟನೋವಿನಂಥ ತೊಂದರೆಗಳು ಪಟ್ಟಿಯಲ್ಲೇ ಇರಲಿಲ್ಲ. ಅವುಗಳಿಂದ ಆದ ನಷ್ಟವನ್ನು ವೈದ್ಯರು ಪ್ರತ್ಯೇಕವಾಗಿ ಅಂದಾಜು ಮಾಡಬೇಕಿತ್ತು.

3. ಮಾಡಿಸಿ ನೋಡುವ ಪರೀಕ್ಷೆ

ಈ ಕೊರತೆಯನ್ನು ತುಂಬಲು ಬೆಳೆದದ್ದು ಕಾರ್ಯಸಾಮರ್ಥ್ಯ ಪರೀಕ್ಷೆ. ಇದನ್ನು ರೂಪಿಸಿದವರಲ್ಲಿ ಅಮೆರಿಕದ ಫಿಸಿಯೋಥೆರಪಿಸ್ಟ್ ಸೂಸನ್ ಐಸರ್ನ್‌ಹ್ಯಾಗನ್ ಪ್ರಮುಖರು. ಅವರ ಕಾರ್ಯಕ್ಷೇತ್ರ ಮಿನ್ನೆಸೋಟ ರಾಜ್ಯದ ಡುಲುತ್. ಸುಪೀರಿಯರ್ ಸರೋವರದ ದಂಡೆಯಲ್ಲಿ ಕಬ್ಬಿಣದ ಅದಿರು, ಧಾನ್ಯ ಹಡಗಿಗೇರುವ ಬಂದರು ಪಟ್ಟಣ. 1980ರ ದಶಕದಲ್ಲಿ ಅವರು ಬೆಳೆಸಿದ ಪರೀಕ್ಷಾ ವಿಧಾನ ಮುಂದೆ ಯುರೋಪಿನಲ್ಲೂ ಬಳಕೆಗೆ ಬಂತು. ನೆದರ್ಲೆಂಡ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ಅದರ ಮೇಲೆ ಸಂಶೋಧನೆಗಳೂ ನಡೆದವು. ಕೆಲಸದ ಗಾಯಗಳ ನಿರ್ವಹಣೆ ಮತ್ತು ತಡೆಯನ್ನು ಕುರಿತು ಅವರು ಸಂಪಾದಿಸಿದ ಗ್ರಂಥ 1988ರಲ್ಲಿ ಪ್ರಕಟವಾಯಿತು.

ಅವರ ವಿಧಾನದಲ್ಲಿ ಚಿಕಿತ್ಸಕರು ‘ನಿಮಗೆ ಎಷ್ಟು ಎತ್ತಲು ಆಗುತ್ತದೆ?’ ಎಂದು ಕೇಳಿ ಉತ್ತರ ಬರೆದುಕೊಳ್ಳುವುದಿಲ್ಲ. ನೆಲದಿಂದ ಸೊಂಟಕ್ಕೆ ಎತ್ತುವುದು, ಸೊಂಟದಿಂದ ತಲೆಯ ಮಟ್ಟಕ್ಕೆ ಎತ್ತುವುದು, ಹೊತ್ತು ನಡೆಯುವುದು, ತಳ್ಳುವುದು, ಎಳೆಯುವುದು, ಬಾಗಿ ನಿಲ್ಲುವುದು, ಮಂಡಿಯೂರುವುದು, ಏಣಿ ಹತ್ತುವುದು, ಕುಳಿತಿರುವುದು ಮುಂತಾದವನ್ನು ಒಂದೊಂದಾಗಿ ಮಾಡಿಸುತ್ತಾರೆ. ಎತ್ತುವ ಪರೀಕ್ಷೆಯಲ್ಲಿ ಹಗುರ ತೂಕದಿಂದ ಆರಂಭಿಸಿ ಹಂತ ಹಂತವಾಗಿ ಹೆಚ್ಚಿಸುತ್ತಾರೆ. ಪ್ರತಿ ಹಂತದಲ್ಲೂ ಕಣ್ಣಿಗೆ ಕಾಣುವ ಗುರುತುಗಳನ್ನು ಬರೆದುಕೊಳ್ಳುತ್ತಾರೆ: ಕಾಲುಗಳ ಅಂತರ ಅಗಲವಾಯಿತೇ? ಭುಜ, ಕುತ್ತಿಗೆಯ ಸ್ನಾಯುಗಳು ನೆರವಿಗೆ ಬಂದವೇ? ದೇಹ ಹಿಂದಕ್ಕೆ ವಾಲಿತೇ? ಎದೆಬಡಿತ ಎಷ್ಟಾಯಿತು? ಹಿಡಿತ ತಪ್ಪುತ್ತಿದೆಯೇ? ಚಲನೆ ಸುರಕ್ಷಿತವಾಗಿ ಉಳಿಯದ ಹಂತ ಬಂದಾಗ ಚಿಕಿತ್ಸಕರು ನಿಲ್ಲಿಸುತ್ತಾರೆ. ಪರೀಕ್ಷೆಗೆ ಒಳಗಾದವರೂ ಯಾವ ಹೊತ್ತಿನಲ್ಲಾದರೂ ‘ಸಾಕು’ ಎನ್ನಬಹುದು. ಮೂಲ ವಿಧಾನದಲ್ಲಿ ಪರೀಕ್ಷೆ ಎರಡು ದಿನ ನಡೆಯುತ್ತಿತ್ತು. ಮೊದಲ ದಿನ ಮಾಡಿದ್ದನ್ನು ಮರುದಿನ ಶರೀರ ಹೇಗೆ ತಾಳಿಕೊಂಡಿದೆ ಎಂಬುದೂ ಕಾಣಬೇಕು. ಕೆಲಸವೆಂದರೆ ದಿನವೂ ಮಾಡಬೇಕಾದದ್ದಲ್ಲವೇ?

ಅನಂತರದ ಹೆಜ್ಜೆ ಹೋಲಿಕೆ. ಒಂದು ಕಡೆ ಮನುಷ್ಯನ ಸಾಮರ್ಥ್ಯ, ಇನ್ನೊಂದು ಕಡೆ ಅವರ ಉದ್ಯೋಗದ ಬೇಡಿಕೆ. ಅಮೆರಿಕದ ಕಾರ್ಮಿಕ ಇಲಾಖೆಯ ವರ್ಗೀಕರಣದಲ್ಲಿ ಆಗೊಮ್ಮೆ ಈಗೊಮ್ಮೆ ಎತ್ತಬೇಕಾದ ತೂಕ 10 ಪೌಂಡ್ ಒಳಗಿದ್ದರೆ ಕುಳಿತು ಮಾಡುವ ಕೆಲಸ, 20 ಪೌಂಡ್‌ವರೆಗೆ ಹಗುರ, 50 ಪೌಂಡ್‌ವರೆಗೆ ಮಧ್ಯಮ, 100 ಪೌಂಡ್‌ವರೆಗೆ ಭಾರ, ಅದನ್ನು ಮೀರಿದರೆ ಅತಿ ಭಾರ. ನೂರು ಪೌಂಡ್ ಎಂದರೆ ಸುಮಾರು 45 ಕೆ.ಜಿ. ನಮ್ಮ ಮಾರುಕಟ್ಟೆಯ 50 ಕೆ.ಜಿ. ಮೂಟೆ ಇದರಲ್ಲಿ ಕೊನೆಯ ವರ್ಗಕ್ಕೆ ಸೇರುತ್ತದೆ.

ಸಾಮರ್ಥ್ಯಕ್ಕೂ ಬೇಡಿಕೆಗೂ ಅಂತರ ಕಂಡರೆ ಪುನರ್ವಸತಿ ಆರಂಭವಾಗುತ್ತದೆ. ಚಿಕಿತ್ಸಾ ಕೊಠಡಿಯಲ್ಲೇ ನಿಜವಾದ ಕೆಲಸದ ಮಾದರಿ ಮಾಡಿ, ಮರಳಿನ ಚೀಲ, ಕೈಗಾಡಿ, ಸಲಿಕೆ, ಕಪಾಟುಗಳನ್ನಿಟ್ಟು ವಾರಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಜೊತೆಗೆ ಕೆಲಸದ ಸ್ಥಳವನ್ನೂ ಬದಲಿಸಲು ನೋಡುತ್ತಾರೆ: ಚೀಲ ಇಡುವ ಕಟ್ಟೆಯನ್ನು ಎತ್ತರಿಸುವುದು, ಇಬ್ಬರು ಸೇರಿ ಎತ್ತುವುದು, ಆರಂಭದಲ್ಲಿ ಅರ್ಧ ದಿನದ ಕೆಲಸ.

4. ‘ನಾಟಕ’ ಎಂಬ ಮಾತು

ಈ ವೃತ್ತಿಯಲ್ಲಿ ಇರುವವರಿಗೆ ದಿನವೂ ಎದುರಾಗುವ ಪ್ರಶ್ನೆ ಇದು. ಸ್ಕಾಟ್ಲೆಂಡಿನ ಮೂಳೆ ಶಸ್ತ್ರವೈದ್ಯ ಗಾರ್ಡನ್ ವಾಡೆಲ್ 1980ರಲ್ಲಿ ಸೊಂಟನೋವಿನ ರೋಗಿಗಳಲ್ಲಿ ಕಾಣುವ ಕೆಲವು ಲಕ್ಷಣಗಳನ್ನು ಪಟ್ಟಿ ಮಾಡಿದರು. ಅವು ಶರೀರ ರಚನೆಯ ದೋಷದಿಂದಷ್ಟೇ ವಿವರಿಸಲಾಗದ ಲಕ್ಷಣಗಳು. ಅನೇಕರು ಅದನ್ನು ಸುಳ್ಳು ಹಿಡಿಯುವ ಸಾಧನವೆಂಬಂತೆ ಬಳಸತೊಡಗಿದರು. 1998ರಲ್ಲಿ ವಾಡೆಲ್ ಮತ್ತು ಮನೋವಿಜ್ಞಾನಿ ಕ್ರಿಸ್ ಮೇನ್ ಅದು ತಪ್ಪು ಬಳಕೆ ಎಂದು ಸ್ಪಷ್ಟಪಡಿಸಬೇಕಾಯಿತು. ನೋವಿನ ಭಯ, ಕೆಲಸ ಕಳೆದುಕೊಂಡ ಕೊರಗು ಕೂಡ ಚಲನೆಯನ್ನು ತಡೆಯುತ್ತವೆ, ಅದು ಮೋಸವಲ್ಲ.

ಪರೀಕ್ಷೆಗೂ ಮಿತಿಗಳಿವೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಗಾಯಾಳು ಕಾರ್ಮಿಕರ ಅಧ್ಯಯನಗಳಲ್ಲಿ, ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವುದಕ್ಕೂ ಬೇಗ ಚೇತರಿಸುವುದಕ್ಕೂ ಇರುವ ಸಂಬಂಧ ಬಲವಾದದ್ದಲ್ಲ ಎಂದು ಕಂಡುಬಂದಿದೆ. ಆದ್ದರಿಂದ ಪರೀಕ್ಷೆಯ ವರದಿಯನ್ನು ಕೊನೆಯ ತೀರ್ಪು ಎಂದು ಓದಬಾರದು. ‘ಈ ದಿನ, ಈ ಸ್ಥಿತಿಯಲ್ಲಿ, ಇಷ್ಟನ್ನು ಸುರಕ್ಷಿತವಾಗಿ ಮಾಡಿದ್ದು ಕಂಡಿತು’ ಎಂದಷ್ಟೇ ಅದರ ಅರ್ಥ.

ಸಿದ್ಧತೆಯ ಭಾಗವಾಗಿ ಆಸ್ಪತ್ರೆಯೊಂದರ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಭೇಟಿಯಾದೆ. ಅವರು ಹೇಳಿದ್ದು ಹೀಗೆ: “ಎಲ್ಲಿ ನೋವು ಅಂತ ಕೇಳೋದು ನನ್ನ ಎರಡನೇ ಪ್ರಶ್ನೆ. ಮೊದಲನೇದು, ನಿಮ್ಮ ಕೆಲಸ ಏನು, ಹೇಗೆ ಮಾಡ್ತೀರಿ ತೋರಿಸಿ ಅನ್ನೋದು. ಹಮಾಲಿಯವರು ಮೂಟೆ ಹಿಡಿಯೋ ರೀತಿ ನೋಡಿದ್ರೆ ಅರ್ಧ ವಿಷಯ ಗೊತ್ತಾಗುತ್ತೆ.”

ಪಾಠದ ಕಲಿಕಾ ಫಲಗಳು

ಪಾಠ ಮುಗಿದಾಗ ವಿದ್ಯಾರ್ಥಿಗಳು:
1. ಭೌತವಿಜ್ಞಾನದ ‘ಕೆಲಸ’ಕ್ಕೂ ಶರೀರ ಪಡುವ ಶ್ರಮಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸುವರು.
2. ಹೊರೆಯ ದೂರ ಹೆಚ್ಚಿದಂತೆ ಬೆನ್ನಿನ ಮೇಲಿನ ಬಲ ಹೆಚ್ಚುವುದನ್ನು ಲೆಕ್ಕ ಮಾಡುವರು.
3. ಒಂದು ಉದ್ಯೋಗದ ದೈಹಿಕ ಬೇಡಿಕೆಗಳನ್ನು ವೀಕ್ಷಿಸಿ ಪಟ್ಟಿ ಮಾಡುವರು.
4. ಫಿಸಿಯೋಥೆರಪಿಸ್ಟ್ ವೃತ್ತಿಯ ಈ ಶಾಖೆಯನ್ನು ಪರಿಚಯ ಮಾಡಿಕೊಳ್ಳುವರು.

ಕಲಿಕೋಪಕರಣಗಳು: ಒಂದು ಲೀಟರ್ ನೀರಿನ ಬಾಟಲಿಗಳು, ಅಳತೆ ಪಟ್ಟಿ, ಗೋಡೆ ಗಡಿಯಾರ, ವೀಕ್ಷಣಾ ಹಾಳೆ.

ಪಾಠದ ಹಂತಗಳು

ಪೀಠಿಕೆ: ಹಿಂದಿನ ಪಾಠದ ಪ್ರಶ್ನೆಯಿಂದಲೇ ಆರಂಭಿಸಿದೆ. “ಮೂಟೆ ಹೊತ್ತು ನಿಂತರೆ ಕೆಲಸ ಸೊನ್ನೆ ಅಂದಮೇಲೆ ಸೊಂಟ ಹೇಗೆ ನೋಯುತ್ತದೆ ಎಂದು ಹಿಂದಿನ ಪಾಠದಲ್ಲಿ ಒಂದು ಪ್ರಶ್ನೆ ಬಂದಿತ್ತು. ಒಳ್ಳೆಯ ಪ್ರಶ್ನೆ. ನಾನು ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಇವತ್ತು ನೋಡೋಣ” ಎಂದೆ. ಪ್ರಶ್ನೆ ಕೇಳಿದವನ ಹೆಸರನ್ನಾಗಲಿ ಅವನ ತಂದೆಯ ವಿಷಯವನ್ನಾಗಲಿ ಎತ್ತಲಿಲ್ಲ.

ಚಟುವಟಿಕೆ 1: ಇಬ್ಬರು ವಿದ್ಯಾರ್ಥಿಗಳ ಕೈಗೆ ಒಂದೊಂದು ಬಾಟಲಿ ಕೊಟ್ಟೆ. ಒಬ್ಬಳು ಎದೆಗೆ ಒತ್ತಿ ಹಿಡಿದಳು. ಇನ್ನೊಬ್ಬಳು ಕೈಚಾಚಿ ಹಿಡಿದಳು. ಉಳಿದವರು ಗಡಿಯಾರ ನೋಡುತ್ತಾ ಕಂಡದ್ದನ್ನು ಬರೆಯಬೇಕು. ಒಂದು ನಿಮಿಷ ಕಳೆಯುವಷ್ಟರಲ್ಲಿ ಚಾಚಿದ ಕೈ ನಡುಗತೊಡಗಿತು, ಭುಜ ಮೇಲೇರಿತು, ಮೈ ಹಿಂದಕ್ಕೆ ವಾಲಿತು. “ಬಾಟಲಿ ಕದಲಿದೆಯಾ?” “ಇಲ್ಲ ಮಿಸ್.” “ಹಾಗಾದರೆ ಕೆಲಸ ಎಷ್ಟು?” “ಸೊನ್ನೆ.” “ಕೈ ಯಾಕೆ ನಡುಗಿತು?” ಇಲ್ಲಿಂದ ಸನ್ನೆಯ ಲೆಕ್ಕಕ್ಕೆ ಹೋದೆವು. 1,000 ಮತ್ತು 2,000 ನ್ಯೂಟನ್ ಉತ್ತರಗಳನ್ನು ಮಕ್ಕಳೇ ಕಂಡುಹಿಡಿದರು. ಭಾರವಾದದ್ದನ್ನು ತರಗತಿಯಲ್ಲಿ ಎತ್ತಿಸಲಿಲ್ಲ. ಈ ತತ್ತ್ವ ತೋರಿಸಲು ಒಂದು ಲೀಟರ್ ನೀರು ಸಾಕು.

ಚಟುವಟಿಕೆ 2: ಮಕ್ಕಳು ಬರೆದ ಟಿಪ್ಪಣಿಗಳನ್ನು ಓದಿಸಿದೆ. ಕೆಲವರು ‘ಅವಳಿಗೆ ಆಗಲಿಲ್ಲ’, ‘ಅವಳು ವೀಕು’ ಎಂದು ಬರೆದಿದ್ದರು. ಇನ್ನು ಕೆಲವರು ‘40 ಸೆಕೆಂಡಿಗೆ ಭುಜ ಮೇಲೆ ಹೋಯಿತು’ ಎಂದು ಬರೆದಿದ್ದರು. ಎರಡನ್ನೂ ಕಪ್ಪುಹಲಗೆಯ ಮೇಲೆ ಎರಡು ಸಾಲಿನಲ್ಲಿ ಬರೆದು, “ಡಾಕ್ಟರಿಗೆ ಯಾವ ಸಾಲು ಉಪಯೋಗ?” ಎಂದು ಕೇಳಿದೆ. ಚರ್ಚೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಬ್ಬ ಹುಡುಗಿ, “ವೀಕು ಅಂದ್ರೆ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ ಮಿಸ್. ಭುಜ ಅಂದ್ರೆ ಭುಜಕ್ಕೆ ಏನಾದ್ರೂ ಮಾಡ್ಬಹುದು” ಎಂದಳು.

ವೃತ್ತಿ ಪರಿಚಯ: ಇಲ್ಲಿ ಡುಲುತ್ ಬಂದರಿನ ಊರಿನ ಫಿಸಿಯೋಥೆರಪಿಸ್ಟ್ ಏನು ಮಾಡಿದರು, ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳಿದೆ. ಹೆಬ್ಬೆರಳಿನ ಶೇ. 30ರ ಉದಾಹರಣೆ ಕೊಟ್ಟಾಗ ಮಕ್ಕಳೇ ಟೈಲರ್, ಗಾರೆ ಮೇಸ್ತ್ರಿ, ಹೂ ಕಟ್ಟುವವರು, ವಾಚ್‌ಮನ್ ಎಂದು ಹೋಲಿಸಿದರು. ಈ ವೃತ್ತಿಗೆ ಬರಲು ಪಿಯುಸಿಯಲ್ಲಿ ಜೀವವಿಜ್ಞಾನ ಸಹಿತ ವಿಜ್ಞಾನ ಓದಿ, ಬಿಪಿಟಿ ಪದವಿ ಪಡೆಯಬೇಕು. ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಷಿಪ್ ಎಂಬುದು ಬಹುಕಾಲದಿಂದ ನಡೆದು ಬಂದ ಕ್ರಮ; ಸೇರುವ ವರ್ಷದ ನಿಯಮವನ್ನು ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕೆಂದು ತಿಳಿಸಿದೆ. ಕರ್ನಾಟಕದಲ್ಲಿ ಈ ಕಾಲೇಜುಗಳು ಹೆಚ್ಚಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿವೆ. ಈ ವೃತ್ತಿಗೆ ಶರೀರರಚನೆಯಷ್ಟೇ ಭೌತವಿಜ್ಞಾನವೂ ಬೇಕು ಎಂದಾಗ ಕೆಲವರು ಆಶ್ಚರ್ಯಪಟ್ಟರು.

‘ನಾಟಕ’ದ ಮಾತನ್ನು ನಾನು ಎತ್ತಲಿಲ್ಲ. ಆದರೆ ಅದು ಬಂತು. “ನಿಜವಾಗ್ಲೂ ನೋವಿಲ್ದೆ ನಾಟಕ ಮಾಡಿದ್ರೆ ಮಿಸ್?” ಎಂದು ಒಬ್ಬ ಕೇಳಿದ. ಪರೀಕ್ಷೆ ಮಾಡುವವರು ಮೊದಲೇ ಹಾಗೆಂದುಕೊಂಡು ಕೂತರೆ ನಡುಗುವ ಭುಜ ಅವರ ಕಣ್ಣಿಗೆ ಬೀಳುವುದಿಲ್ಲ; ಹಾಗಾಗಿ ಮೊದಲು ನೋಡಬೇಕು, ಬರೆಯಬೇಕು, ಹೆಸರಿಡುವುದು ಆಮೇಲೆ ಎಂದೆ. ಭಯವೂ ಶರೀರವನ್ನು ಹಿಡಿದು ನಿಲ್ಲಿಸುತ್ತದೆ ಎಂಬುದಕ್ಕೆ, ಒಮ್ಮೆ ಬಿದ್ದ ಮೇಲೆ ಮತ್ತೆ ಸೈಕಲ್ ಹತ್ತಲು ಹೆದರುವ ಉದಾಹರಣೆ ಕೊಟ್ಟೆ. ಅದು ಎಲ್ಲರಿಗೂ ಗೊತ್ತಿತ್ತು.

ಮೌಲ್ಯಮಾಪನ ಮತ್ತು ಗೃಹಕಾರ್ಯ

ಲೆಕ್ಕ: 10 ಕೆ.ಜಿ. ಹೊರೆ ಬೆನ್ನುಮೂಳೆಯಿಂದ 30 ಸೆಂ.ಮೀ. ಮತ್ತು 60 ಸೆಂ.ಮೀ. ದೂರವಿದ್ದಾಗ ಬೆನ್ನಿನ ಸ್ನಾಯುಗಳ ಬಲ ಎಷ್ಟೆಷ್ಟು? (ಉತ್ತರ: 600 ಮತ್ತು 1,200 ನ್ಯೂಟನ್.) 38 ಮಕ್ಕಳು ಹಾಜರಿದ್ದರು, 29 ಮಂದಿ ಸರಿಯಾಗಿ ಮಾಡಿದರು. ಉಳಿದವರಲ್ಲಿ ಹೆಚ್ಚಿನವರ ತಪ್ಪು ಸೆಂ.ಮೀ. ಅನ್ನು ಮೀಟರಿಗೆ ಬದಲಿಸುವುದರಲ್ಲಿತ್ತು.

ಗೃಹಕಾರ್ಯ: ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಒಬ್ಬರು ಕೆಲಸ ಮಾಡುವುದನ್ನು ಹದಿನೈದು ನಿಮಿಷ ನೋಡಿ, ಎತ್ತುವುದು, ಹೊರುವುದು, ಬಾಗುವುದು, ಕೂರುವುದು, ನಡೆಯುವುದು ಎಂಬ ಐದು ಅಂಕಣಗಳಲ್ಲಿ ಕಂಡದ್ದನ್ನು ಬರೆಯಬೇಕು. ‘ಚೆನ್ನಾಗಿ’, ‘ಕಷ್ಟಪಟ್ಟು’ ಮುಂತಾದ ಪದ ಬಳಸುವಂತಿಲ್ಲ. ಎಷ್ಟು, ಎಷ್ಟು ಸಲ, ಎಷ್ಟು ಹೊತ್ತು ಎಂದು ಬರೆಯಬೇಕು.

ಮರುದಿನ ಬಂದ ಹಾಳೆಗಳಲ್ಲಿ ಹೆಚ್ಚಿನವು ಅಮ್ಮಂದಿರದ್ದು. ಒಬ್ಬಳು ತನ್ನ ಅಮ್ಮ ಹದಿನೈದು ನಿಮಿಷದಲ್ಲಿ 22 ಸಲ ಬಾಗಿದ್ದನ್ನು ಎಣಿಸಿದ್ದಳು. ಹಿಂದಿನ ಬೆಂಚಿನ ಹುಡುಗ ತನ್ನ ತಂದೆಯನ್ನು ನೋಡಿ ಬರೆದಿದ್ದ:

ಕೂರುವುದು: 20 ನಿಮಿಷ, ಆಮೇಲೆ ಎದ್ದು ನಿಂತರು. ನಡೆಯುವುದು: ನಲ್ಲಿಯವರೆಗೆ ಎರಡು ಸಲ. ಹೊರುವುದು: ಅರ್ಧ ಬಿಂದಿಗೆ, ಬಲಗೈಯಲ್ಲಿ. ಬಾಗುವುದು: ಇಲ್ಲ, ಮಂಡಿ ಊರಿದರು. ಎತ್ತುವುದು: ಗೊತ್ತಿಲ್ಲ. ಯಾರೂ ನೋಡಿಲ್ಲ.

ಅವಲೋಕನ

ಆ ಕೊನೆಯ ಅಂಕಣವನ್ನು ನಾನು ತಿದ್ದಲಿಲ್ಲ. ಕಂಡದ್ದನ್ನಷ್ಟೇ ಬರೆಯಬೇಕೆಂಬ ಸೂಚನೆಗೆ ಅದಕ್ಕಿಂತ ಸರಿಯಾದ ಉತ್ತರವಿಲ್ಲ. ಆರು ತಿಂಗಳಲ್ಲಿ ಆ ಮನೆಯ ಸುತ್ತ ‘ಆಗಲ್ಲ’ ಎಂಬ ಮಾತೂ ‘ನಾಟಕ’ ಎಂಬ ಮಾತೂ ಹುಟ್ಟಿದ್ದವು. ಸಾಮರ್ಥ್ಯವನ್ನು ನೋಡುವ ಕೆಲಸ ಮಾತ್ರ ನಡೆದಿರಲಿಲ್ಲ. ಮುಖ್ಯಶಿಕ್ಷಕಿಯವರ ಅನುಮತಿ ಪಡೆದು, ಪೋಷಕರ ಸಭೆಗೆ ಬಂದ ಹುಡುಗನ ತಾಯಿಗೆ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ವಿಷಯ ತಿಳಿಸಿದೆವು. ನನ್ನ ಇಂಟರ್ನ್‌ಷಿಪ್ ಮುಗಿಯುವ ಹೊತ್ತಿಗೆ ಅವರು ಎರಡು ಬಾರಿ ಹೋಗಿ ಬಂದಿದ್ದರು. ಅದಕ್ಕಿಂತ ಹೆಚ್ಚಿನದನ್ನು ಹೇಳುವುದು ನನ್ನ ಅಧಿಕಾರದಲ್ಲಿಲ್ಲ.

ಈ ಪಾಠವನ್ನು ಬಳಸಬಯಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಮೂರು ಮಾತು. ಒಂದು, ಎರಡನೆಯ ಚಟುವಟಿಕೆಗೆ ಹದಿನೈದು ನಿಮಿಷ ಮೀಸಲಿಡಿ. ನಾನು ಎಂಟೇ ನಿಮಿಷ ಇಟ್ಟುಕೊಂಡಿದ್ದರಿಂದ ವೃತ್ತಿ ಪರಿಚಯವನ್ನು ಅವಸರದಲ್ಲಿ ಮುಗಿಸಬೇಕಾಯಿತು. ಎರಡು, ಮನೆಯವರ ಕಾಯಿಲೆಯನ್ನು ತರಗತಿಯ ಉದಾಹರಣೆ ಮಾಡಬೇಡಿ, ವೈದ್ಯಕೀಯ ಸಲಹೆ ಕೊಡಬೇಡಿ. ಎಲ್ಲಿ ಕೇಳಬೇಕೆಂದು ಮಾತ್ರ ತಿಳಿಸಿ. ಮೂರು, ಪಠ್ಯದ ಉತ್ತರ ಸರಿಯಿದ್ದರೂ ಪ್ರಶ್ನೆ ಕೇಳಿದ ಮಗು ಮತ್ತೆ ಕೈ ಎತ್ತದಿದ್ದರೆ, ಆ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ.

ಎರಡನೆಯ ಪಾಠದ ನಂತರ ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಅಥವಾ ‘ಸಾಧಾರಣ’ ಎಂಬ ಪದ ಇರಲಿಲ್ಲ. ಹೀಗಿತ್ತು: ‘12ನೆಯ ನಿಮಿಷದಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿ ಕೈ ಎತ್ತಿದ. 20ನೆಯ ನಿಮಿಷದಲ್ಲಿ ಮತ್ತೆ ಎತ್ತಿದ.’